ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ವಿಡಿಯೋ ಪ್ರಾಜೆಕ್ಟ್: ದಾವಣಗೆರೆ, ದುರ್ಗದ ಮಿಕ್ಸಿಂಗ್ ಗೆಳೆಯರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಾವಣಗೆರೆಯಲ್ಲಿ ಮದುವೆ ವಿಡಿಯೋ ಮಿಕ್ಸಿಂಗ್, ಅಂದರೆ ಎಡಿಟಿಂಗ್, ಮಾಡುವವನು. ಆಷಾಢ ಬಂದರೆ ಮದುವೆ ನಿಲ್ಲುತ್ತವೆ, ಫೋನ್ ನಿಲ್ಲುವುದಿಲ್ಲ. ಸೀಸನ್‌ನಲ್ಲಿ ಊಟಕ್ಕೂ ಪುರುಸೊತ್ತಿಲ್ಲದವರೆಲ್ಲ ಹೊಸ ಸಾಫ್ಟ್‌ವೇರ್ ಕಲಿಯಲು ಕೂರುವುದು ಆ ತಿಂಗಳಲ್ಲೇ. ಎಡಿಯಸ್ ಬಿಟ್ಟು ಪ್ರೀಮಿಯರ್‌ಗೆ ಬಂದವರು, ಪ್ರೀಮಿಯರ್ ಬಿಟ್ಟು ಡಾವಿಂಚಿ ರಿಸಾಲ್ವ್‌ಗೆ ಬಂದವರು, ಮ್ಯಾಕ್ ತಗೊಂಡು ಫೈನಲ್ ಕಟ್‌ಗೆ ಹೋದವರು, ಎಲ್ಲರಿಗೂ ಒಂದೇ ತಲೆನೋವು: ಅಲ್ಲಿ ಅರ್ಧ ಮಾಡಿದ ಕೆಲಸ ಇಲ್ಲಿಗೆ ತರುವುದು ಹೇಗೆ? ಫೋನಿನಲ್ಲಿ, ವಾಟ್ಸಾಪ್‌ನಲ್ಲಿ, ದೋಸೆ ಹೋಟೆಲಿನ ಮುಂದೆ ನಿಂತು ಕೇಳಿದ ಪ್ರಶ್ನೆಗಳನ್ನು ಅವರ ಮಾತಲ್ಲೇ ಇಟ್ಟಿದ್ದೇನೆ.

## ಶುರುವಿನ ಪ್ರಶ್ನೆಗಳು

ಅಣ್ಣಾ, ಪ್ರಾಜೆಕ್ಟ್ ಫೈಲ್ ವಾಟ್ಸಾಪ್ ಮಾಡ್ತೀನಿ, ನಿಮ್ ಸಾಫ್ಟ್‌ವೇರ್‌ನಾಗೆ ಓಪನ್ ಮಾಡಿ ಕೊಡ್ತೀರಾ?

ಆಗುವುದಿಲ್ಲ, ಎರಡು ಕಾರಣಕ್ಕೆ.

ಟೈಲರ್ ಅಂಗಡಿಯ ಅಳತೆ ಚೀಟಿ ನೋಡಿದ್ದೀರಲ್ಲ? ಎದೆ ಇಷ್ಟು, ತೋಳು ಇಷ್ಟು ಅಂತ ಬರೆದು, ಮೂಲೆಗೆ ಬಟ್ಟೆಯ ಒಂದು ಚೂರು ಪಿನ್ ಮಾಡಿರುತ್ತಾರೆ. ಪ್ರಾಜೆಕ್ಟ್ ಫೈಲ್ ಅಂಥದ್ದೇ ಒಂದು ಚೀಟಿ. ಯಾವ ಕ್ಲಿಪ್ಪು, ಯಾವ ಫೋಲ್ಡರ್‌ನಲ್ಲಿದೆ, ಎಲ್ಲಿಂದ ಎಲ್ಲಿವರೆಗೆ ಬಳಸಿದ್ದು, ಅದರ ಮೇಲೆ ಏನೇನು ಎಫೆಕ್ಟ್ ಹಾಕಿದ್ದು, ಇಷ್ಟೇ ಅದರಲ್ಲಿರುವುದು. ಬಟ್ಟೆ, ಅಂದರೆ ಫುಟೇಜ್, ಅದರಲ್ಲಿಲ್ಲ. 400 ಜಿಬಿ ಮದುವೆಯ ಪ್ರಾಜೆಕ್ಟ್ ಫೈಲ್ ಕೆಲವೇ ಎಂಬಿ ಇರುವುದು ಅದಕ್ಕೇ.

ಎರಡನೆಯದು, ಒಬ್ಬ ಟೈಲರ್ ಹಾಕಿದ ಗುರುತು ಇನ್ನೊಬ್ಬ ಟೈಲರ್‌ಗೆ ತಿಳಿಯುವುದಿಲ್ಲ. ಪ್ರೀಮಿಯರ್‌ನ ಫೈಲನ್ನು ಎಡಿಯಸ್ ಓದುವುದಿಲ್ಲ, ಎಡಿಯಸ್‌ನ ಇಝಡ್‌ಪಿ ಫೈಲನ್ನು ರಿಸಾಲ್ವ್ ಓದುವುದಿಲ್ಲ. ಇಬ್ಬರಿಗೂ ಅರ್ಥವಾಗುವ ಮೂರನೇ ಭಾಷೆಯಲ್ಲಿ ಚೀಟಿ ಬರೆಸಿಕೊಳ್ಳಬೇಕು.

ಹಂಗಾರೆ ಕಲರ್ರು, ಟೈಟಲ್ಲು, ಎಫೆಕ್ಟು ಎಲ್ಲಾ ಹಂಗೇ ಬರ್ತೈತಾ?

ಇಲ್ಲ. ಈ ಒಂದು ಉತ್ತರ ಚೆನ್ನಾಗಿ ತಲೆಯಲ್ಲಿ ಕೂತರೆ ಕೆಳಗಿನ ಅರ್ಧ ಪ್ರಶ್ನೆಗಳು ಏಳುವುದೇ ಇಲ್ಲ. ಸಾಗುವುದು ಕಟ್ಟಿಂಗ್, ಅಲಂಕಾರ ಅಲ್ಲ.

ಚೆನ್ನಾಗಿ ಬರುವುದು: ಕಟ್‌ಗಳು, ಕ್ಲಿಪ್‌ನ ಇನ್-ಔಟ್, ಯಾವ ಟ್ರ್ಯಾಕ್‌ನಲ್ಲಿ (ಕ್ಲಿಪ್ ಜೋಡಿಸುವ ಸಾಲಿನಲ್ಲಿ) ಇತ್ತು ಎಂಬುದು, ಸಾದಾ ಡಿಸಾಲ್ವ್ (ಒಂದು ಶಾಟ್ ಕರಗಿ ಇನ್ನೊಂದು ಬರುವುದು). ಹೆಚ್ಚಿನ ಸಲ ಬರುವುದು: ಜೂಮ್, ಪೊಸಿಷನ್, ಒಪ್ಯಾಸಿಟಿ, ಒಂದೇ ವೇಗದ ಸ್ಲೋ ಮೋಷನ್, ವಾಲ್ಯೂಮ್, ಮಾರ್ಕರ್. ಬಾರದೇ ಇರುವುದು: ಪ್ರೀಮಿಯರ್‌ನ ಲುಮೆಟ್ರಿಯಲ್ಲಿ ಮಾಡಿದ ಕಲರ್, ಸಾಫ್ಟ್‌ವೇರ್‌ನೊಳಗೇ ಟೈಪ್ ಮಾಡಿದ ಟೈಟಲ್, ವಾರ್ಪ್ ಸ್ಟೆಬಿಲೈಸರ್ (ಅಲುಗಾಟ ತೆಗೆಯುವ ಎಫೆಕ್ಟ್), ಹೊರಗಿನ ಪ್ಲಗಿನ್, ಅಡ್ಜಸ್ಟ್‌ಮೆಂಟ್ ಲೇಯರ್ (ಹಲವು ಕ್ಲಿಪ್‌ಗಳಿಗೆ ಒಟ್ಟಿಗೆ ಎಫೆಕ್ಟ್ ಹಾಕುವ ಪದರ), ಆಡಿಯೋ ಎಫೆಕ್ಟ್. ಹೂವು ಉದುರುವ, ಪುಟ ಮಗುಚುವ ರೆಡಿಮೇಡ್ ಟ್ರಾನ್ಸಿಷನ್‌ಗಳ ಆಸೆ ಬಿಟ್ಟುಬಿಡಿ. ಅವು ಸಾದಾ ಡಿಸಾಲ್ವ್ ಆಗಿ ಬರುತ್ತವೆ, ಇಲ್ಲವೇ ಮಾಯವಾಗುತ್ತವೆ.

ಆದ್ದರಿಂದ ಬೇರೆ ಕಡೆ ಹೋಗಲೇಬೇಕು ಅಂತ ಮೊದಲೇ ಗೊತ್ತಿದ್ದರೆ ಕಟಿಂಗ್ ಮುಗಿಸಿ ನಿಲ್ಲಿಸಿ. ಅಲಂಕಾರ ಅಲ್ಲಿಗೆ ಹೋದ ಮೇಲೆ.

ಇಡಿಎಲ್, ಎಎಎಫ್, ಎಕ್ಸ್‌ಎಂಎಲ್ ಅಂತಾರಲ್ಲ, ಮೂರರಲ್ಲಿ ನನಗೆ ಯಾವುದು ಬೇಕು?

ಮೇಲೆ ಹೇಳಿದ ಮೂರನೇ ಭಾಷೆಗಳು ಇವೇ. ಹೆಚ್ಚಿನವರಿಗೆ ಎಕ್ಸ್‌ಎಂಎಲ್ ಸಾಕು. ಆದರೂ ಮೂರನ್ನೂ ತಿಳಿದಿರಿ.

ಇಡಿಎಲ್ ಎಲ್ಲಕ್ಕಿಂತ ಹಳೆಯದು, ಟೇಪ್ ಕಾಲದ್ದು. ಇವತ್ತಿಗೂ ಚಾಲ್ತಿಯಲ್ಲಿರುವ ರೂಪಕ್ಕೆ ಸಿಎಂಎಕ್ಸ್ 3600 ಅಂತ ಹೆಸರು. ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ, ಕಣ್ಣಿಗೇ ಅರ್ಥವಾಗುತ್ತದೆ. ಪ್ರತಿ ಸಾಲಿನಲ್ಲಿ ಒಂದು ಕ್ರಮಸಂಖ್ಯೆ, ರೀಲ್ ಹೆಸರು, ಕಟ್ ಅಥವಾ ಡಿಸಾಲ್ವ್ ಎಂಬ ಗುರುತು, ಆಮೇಲೆ ನಾಲ್ಕು ಟೈಮ್‌ಕೋಡ್ (ಗಂಟೆ, ನಿಮಿಷ, ಸೆಕೆಂಡ್, ಫ್ರೇಮ್ ಲೆಕ್ಕ). ಮೊದಲೆರಡು ಮೂಲ ಕ್ಲಿಪ್‌ನಲ್ಲಿ ಎಲ್ಲಿಂದ ಎಲ್ಲಿವರೆಗೆ, ಕೊನೆಯೆರಡು ಟೈಮ್‌ಲೈನ್‌ನಲ್ಲಿ, ಅಂದರೆ ಕ್ಲಿಪ್ ಜೋಡಿಸಿದ ಪಟ್ಟಿಯಲ್ಲಿ, ಎಲ್ಲಿಂದ ಎಲ್ಲಿವರೆಗೆ. ಒಂದೇ ವಿಡಿಯೋ ಟ್ರ್ಯಾಕ್, 999 ಸಾಲಿನ ಮಿತಿ, ರೀಲ್ ಹೆಸರಿಗೆ 8 ಅಕ್ಷರ. ಬಡಪಾಯಿ ಫೈಲ್, ಆದರೆ ಬೇರೆಲ್ಲ ಕೈಕೊಟ್ಟಾಗ ಇದೇ ಕೈಹಿಡಿಯುತ್ತದೆ.

ಎಎಎಫ್ ಅವಿಡ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್ ಬಳಸುವವರ, ಸೌಂಡ್ ಸ್ಟುಡಿಯೋದವರ ಭಾಷೆ. ಟ್ರ್ಯಾಕ್ ಎಷ್ಟಾದರೂ ಹಿಡಿಸುತ್ತದೆ, ಬೇಕಾದರೆ ಆಡಿಯೋವನ್ನೇ ಹೊಟ್ಟೆಯಲ್ಲಿಟ್ಟುಕೊಂಡು ಹೋಗುತ್ತದೆ.

ಎಕ್ಸ್‌ಎಂಎಲ್‌ನಲ್ಲಿ ಎರಡು ಜಾತಿ, ಮೋಸ ಹೋಗುವುದು ಇಲ್ಲೇ. ಹಳೆಯ ಫೈನಲ್ ಕಟ್ 7ರ ಎಕ್ಸ್‌ಎಂಎಲ್ ಒಂದು. 2011ರಲ್ಲಿ ಫೈನಲ್ ಕಟ್ ಟೆನ್ ಬಂದ ಮೇಲೆ ಹುಟ್ಟಿದ ಎಫ್‌ಸಿಪಿ ಎಕ್ಸ್‌ಎಂಎಲ್ ಇನ್ನೊಂದು. ಹೆಸರು ಅಣ್ಣತಮ್ಮಂದಿರ ಹಾಗಿದೆ, ಒಬ್ಬರ ಮಾತು ಒಬ್ಬರಿಗೆ ಬರುವುದಿಲ್ಲ. ಪ್ರೀಮಿಯರ್ ಬರೆಯುವುದು ಓದುವುದು ಹಳೆಯದನ್ನು. ರಿಸಾಲ್ವ್ ಎರಡನ್ನೂ ಓದುತ್ತದೆ.

ಇಷ್ಟೆಲ್ಲಾ ಯಾಕೆ, ಒಂದು ಎಂಪಿ4 ತೆಗೆದು ಕೊಟ್ರೆ ಸಾಕಲ್ವಾ?

ಎಷ್ಟೋ ಸಲ ಸಾಕು. ಇನ್ನೊಬ್ಬರು ಬರೀ ಟೈಟಲ್ ಸೇರಿಸಬೇಕು, ಇಲ್ಲವೇ ಕೊನೆಗೆ ಒಂದು ಹಾಡು ಜೋಡಿಸಬೇಕು ಅಂದರೆ ಸುಮ್ನೆ ಒಳ್ಳೆಯ ಕ್ವಾಲಿಟಿಯ ಒಂದೇ ಫೈಲ್ ಕೊಡಿ. ಎಂಪಿ4 ಬದಲು ಪ್ರೋರೆಸ್ ಅಥವಾ ಡಿಎನ್‌ಎಕ್ಸ್‌ಎಚ್‌ಆರ್ (ಕಡಿಮೆ ಒತ್ತಿದ, ದೊಡ್ಡ ಸೈಜಿನ ವಿಡಿಯೋ ರೂಪಗಳು) ಕೊಟ್ಟರೆ ಮತ್ತೆ ರೆಂಡರ್ ಮಾಡಿದಾಗ, ಅಂದರೆ ವಿಡಿಯೋ ಫೈಲ್ ಆಗಿ ಹೊರತೆಗೆದಾಗ, ಚಿತ್ರ ಕೆಡುವುದು ಕಡಿಮೆ. ಟೈಟಲ್ ಇಲ್ಲದ ಒಂದು ಪ್ರತಿಯನ್ನೂ ತೆಗೆದಿಡಿ. ವಧುವಿನ ಹೆಸರಿನಲ್ಲಿ ಒತ್ತಕ್ಷರ ತಪ್ಪಿದೆ ಅಂತ ಆರು ತಿಂಗಳಾದ ಮೇಲೆ ಯಾರಾದರೂ ಬಂದೇ ಬರುತ್ತಾರೆ.

ಕಟ್ ಬದಲಾಗುವುದಿದ್ದರೆ, ಕಲರ್ ಶಾಟ್ ಶಾಟ್‌ಗೂ ಮಾಡುವುದಿದ್ದರೆ ಮಾತ್ರ ಪ್ರಾಜೆಕ್ಟ್ ಸಾಗಿಸುವ ಗೋಜಿಗೆ ಹೋಗಿ.

ಮೊಬೈಲ್‌ನಾಗೆ ಎಡಿಟ್ ಮಾಡಿದ್ದನ್ನ ಕಂಪ್ಯೂಟರ್‌ಗೆ ತರಬಹುದಾ?

ನಮ್ಮ ಹುಡುಗರು ರೀಲ್ಸ್‌ಗೆ ಬಳಸುವ ಹೆಚ್ಚಿನ ಆ್ಯಪ್‌ಗಳಿಂದ ಕಟಿಂಗ್ ಹೊರಗೆ ಬರುವುದಿಲ್ಲ. ರೆಂಡರ್ ತೆಗೆದು ತರಬೇಕು, ಅಷ್ಟೇ. ಐಪ್ಯಾಡ್‌ನ ಲುಮಾಫ್ಯೂಷನ್ ಎಫ್‌ಸಿಪಿ ಎಕ್ಸ್‌ಎಂಎಲ್ ಕೊಡುತ್ತದೆ. ಐಪ್ಯಾಡ್‌ನ ಫೈನಲ್ ಕಟ್ ಪ್ರಾಜೆಕ್ಟ್ ಮ್ಯಾಕ್‌ಗೆ ಹೋಗುತ್ತದೆ, ಮ್ಯಾಕ್‌ನಿಂದ ವಾಪಸ್ ಬರುವುದಿಲ್ಲ.

## ಗಂಟುಮೂಟೆ ಕಟ್ಟುವಾಗ

ಎಕ್ಸ್‌ಪೋರ್ಟ್ ಒತ್ತೋ ಮುಂಚೆ ಟೈಮ್‌ಲೈನ್‌ನಾಗೆ ಏನೇನು ಸರಿ ಮಾಡಬೇಕು?

ಮೊದಲು ಸೀಕ್ವೆನ್ಸ್‌ನ (ಜೋಡಿಸಿದ ಟೈಮ್‌ಲೈನ್‌ನ) ಇನ್ನೊಂದು ಪ್ರತಿ ಮಾಡಿ. ಮುಂದಿನದೆಲ್ಲ ಆ ಪ್ರತಿಯ ಮೇಲೆ. ಮೂಲ ಮುಟ್ಟಬೇಡಿ.

ಪ್ರತಿಯಲ್ಲಿ ಆಫ್ ಮಾಡಿಟ್ಟ ಕ್ಲಿಪ್ ತೆಗೆಯಿರಿ. ಎಡಿಟ್ ಮಾಡುವಾಗ 'ಆಮೇಲೆ ನೋಡೋಣ' ಅಂತ ಮೇಲಿನ ಟ್ರ್ಯಾಕ್‌ಗೆ ಎತ್ತಿಟ್ಟ ತುಣುಕುಗಳು ಎಲ್ಲರ ಟೈಮ್‌ಲೈನ್‌ನಲ್ಲೂ ಇರುತ್ತವೆ, ಅವನ್ನೂ ತೆಗೆಯಿರಿ. ಕ್ಲಿಪ್‌ಗಳನ್ನು ಆದಷ್ಟು ಕೆಳಗಿನ ಟ್ರ್ಯಾಕ್‌ಗೆ ಇಳಿಸಿ. ಮಲ್ಟಿಕ್ಯಾಮ್ (ಹಲವು ಕ್ಯಾಮೆರಾ ಒಟ್ಟಿಗೆ ಕೂರಿಸಿ ಆರಿಸುವುದು) ಮಾಡಿದ್ದರೆ ಫ್ಲಾಟನ್ ಮಾಡಿ, ಆಗ ಆರಿಸಿದ ಕ್ಯಾಮೆರಾದ ಕ್ಲಿಪ್ ಮಾತ್ರ ಉಳಿಯುತ್ತದೆ. ನೆಸ್ಟ್‌ಗಳನ್ನು, ಅಂದರೆ ಟೈಮ್‌ಲೈನ್ ಒಳಗಿನ ಟೈಮ್‌ಲೈನ್‌ಗಳನ್ನು, ಬಿಡಿಸಿ. ಪ್ರೀಮಿಯರ್‌ನಲ್ಲಿ ವಿಡಿಯೋ ಆಡಿಯೋ ಸೇರಿಸಿ ಮರ್ಜ್ ಮಾಡಿದ ಕ್ಲಿಪ್‌ಗಳಿದ್ದರೆ ಹುಷಾರು, ಎಕ್ಸ್‌ಎಂಎಲ್‌ನಲ್ಲಿ ಅವು ತುಂಬಾ ಕಾಟ ಕೊಡುತ್ತವೆ.

ಪ್ರೀಮಿಯರ್‌ನ ಸೀಕ್ವೆನ್ಸ್ ಮೆನುವಿನಲ್ಲಿ ಸಿಂಪ್ಲಿಫೈ ಸೀಕ್ವೆನ್ಸ್ ಅಂತ ಒಂದಿದೆ. ಇದರಲ್ಲಿ ಅರ್ಧ ಕೆಲಸ ಅದೇ ಮಾಡುತ್ತದೆ, ಪ್ರತಿಯನ್ನೂ ತಾನೇ ಮಾಡಿಕೊಳ್ಳುತ್ತದೆ.

ಎಕ್ಸ್‌ಎಂಎಲ್ ಕೊಟ್ಟಿದೀನಲ್ಲ, ಮತ್ತೆ ರೆಫರೆನ್ಸ್ ವಿಡಿಯೋ ಯಾಕೆ ಕೇಳ್ತೀರಿ?

ನೀವು ಏನು ಮಾಡಿದ್ದಿರಿ ಅಂತ ನನಗೆ ಗೊತ್ತಾಗುವುದು ಹೇಗೆ ಮತ್ತೆ? ಎಕ್ಸ್‌ಎಂಎಲ್ ತೆರೆದಾಗ ಒಂದು ಶಾಟ್ ಹೆಚ್ಚುಕಮ್ಮಿ ಆದರೆ ಅದು ತಪ್ಪೋ ನಿಮ್ಮ ಇಷ್ಟವೋ ಅಂತ ಹೇಳುವವರು ಯಾರೂ ಇಲ್ಲ.

ಸಣ್ಣ ಸೈಜಿನ ಒಂದು ರೆಂಡರ್ ತೆಗೆಯಿರಿ, ಮೇಲೆ ಟೈಮ್‌ಕೋಡ್ ಕಾಣಿಸುವಂತಿರಲಿ. ಅದೇ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್), ಅದೇ ಉದ್ದ. ಹೊಸ ಸಾಫ್ಟ್‌ವೇರ್‌ನಲ್ಲಿ ಅದನ್ನು ಮೇಲಿನ ಟ್ರ್ಯಾಕ್‌ಗೆ ಹಾಕಿ ಬ್ಲೆಂಡ್ ಮೋಡ್ ಡಿಫರೆನ್ಸ್ ಮಾಡಿ. ಎರಡೂ ಒಂದೇ ಇದ್ದ ಕಡೆ ಪರದೆ ಹೆಚ್ಚುಕಡಿಮೆ ಕಪ್ಪಾಗಿರುತ್ತದೆ. ಎಲ್ಲಿ ಆಕಾರಗಳು ಹೊಳೆಯುತ್ತವೋ ಅಲ್ಲಿ ಒಂದು ಮಾರ್ಕರ್ ಹಾಕಿ. ಮೂರು ತಾಸಿನ ಮದುವೆಯನ್ನು ಹೀಗೆ ಓಡಿಸಿ ನೋಡಲು ಅರ್ಧ ತಾಸೂ ಬೇಡ.

ಹಾರ್ಡ್ ಡಿಸ್ಕ್ ಮ್ಯಾಕ್‌ಗೆ ಹಾಕಿದ್ರೆ ಓದುತ್ತೆ, ಕಾಪಿ ಮಾಡಕ್ಕೆ ಬಿಡಲ್ಲ

ಅದು ಎನ್‌ಟಿಎಫ್‌ಎಸ್ ಡಿಸ್ಕ್. ಮ್ಯಾಕ್ ಅದನ್ನು ಓದುತ್ತದೆ, ಬರೆಯುವುದಿಲ್ಲ. ಎರಡೂ ಕಡೆ ಓಡಾಡುವ ಡಿಸ್ಕ್ ಎಕ್ಸ್‌ಫ್ಯಾಟ್ ಇರಲಿ. ಹಳೆಯ ಫ್ಯಾಟ್32 ಬೇಡ, 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ. ಫಾರ್ಮ್ಯಾಟ್ ಮಾಡಿದರೆ ಒಳಗಿದ್ದದ್ದೆಲ್ಲ ಹೋಗುತ್ತದೆ ಅಂತ ಹೇಳಬೇಕಾ? ಹೇಳಬೇಕು, ಯಾಕಂದ್ರೆ ಒಬ್ಬರು ಮಾಡಿಕೊಂಡು ಬಂದಿದ್ದರು.

ಎಲ್ಲಾ ಫುಟೇಜ್ ಕೊಡಬೇಕಾ, ಬಳಸಿದ್ದು ಮಾತ್ರ ಸಾಕಾ?

ಡಿಸ್ಕ್‌ನಲ್ಲಿ ಜಾಗ ಇದ್ದರೆ ಕಾರ್ಡ್‌ನಲ್ಲಿ ಇದ್ದ ಫೋಲ್ಡರ್ ರಚನೆಯ ಸಮೇತ ಪೂರ್ತಿ ಕೊಡಿ. ಜಾಗ ಇಲ್ಲದಿದ್ದರೆ ಪ್ರೀಮಿಯರ್‌ನ ಪ್ರಾಜೆಕ್ಟ್ ಮ್ಯಾನೇಜರ್, ಎಡಿಯಸ್‌ನ ಕನ್ಸಾಲಿಡೇಟ್ ಪ್ರಾಜೆಕ್ಟ್, ರಿಸಾಲ್ವ್‌ನ ಮೀಡಿಯಾ ಮ್ಯಾನೇಜ್‌ಮೆಂಟ್ ಇವೆ. ಬಳಸಿದ ತುಣುಕು ಮಾತ್ರ ಕತ್ತರಿಸಿ ಕೊಡುವ ಆಯ್ಕೆ ಬಳಸಿದರೆ ಪ್ರತಿ ತುಣುಕಿನ ಆಚೆ ಈಚೆ ಒಂದೊಂದು ಸೆಕೆಂಡ್, ಅಂದರೆ 25 ಫ್ರೇಮ್, ಹೆಚ್ಚಿಗೆ ಬಿಡಿ. ಹೊಲಿಗೆಯಲ್ಲಿ ಒಳಗೆ ಬಟ್ಟೆ ಬಿಡುತ್ತಾರಲ್ಲ, ಹಾಗೆ.

## ಇಲ್ಲಿಂದ ಅಲ್ಲಿಗೆ

ಪ್ರೀಮಿಯರ್‌ನಿಂದ ರಿಸಾಲ್ವ್‌ಗೆ ಕಲರ್‌ಗೆ ಕೊಡ್ಬೇಕು, ಹೆಂಗೆ?

ನಮ್ಮ ಕಡೆ ಹೆಚ್ಚು ಕೇಳುವ ದಾರಿ ಇದೇ. ದುರ್ಗದ ಕೋಟೆಯಲ್ಲೋ ದಾವಣಗೆರೆ ಗಾಜಿನಮನೆಯಲ್ಲೋ ತೆಗೆದ ಪ್ರೀವೆಡ್ಡಿಂಗ್ ಹಾಡಿಗೆ ಎಲ್ಲರಿಗೂ ಸಿನಿಮಾ ಬಣ್ಣ ಬೇಕು.

ಪ್ರೀಮಿಯರ್‌ನಲ್ಲಿ ಸೀಕ್ವೆನ್ಸ್ ಆಯ್ಕೆ ಮಾಡಿ ಫೈಲ್, ಎಕ್ಸ್‌ಪೋರ್ಟ್, ಫೈನಲ್ ಕಟ್ ಪ್ರೊ ಎಕ್ಸ್‌ಎಂಎಲ್. ರಿಸಾಲ್ವ್‌ನಲ್ಲಿ ಹೊಸ ಪ್ರಾಜೆಕ್ಟ್ ಮಾಡಿ. ಯಾವುದೇ ಕ್ಲಿಪ್ ಒಳಗೆ ಎಳೆಯುವ ಮೊದಲು ಸೆಟ್ಟಿಂಗ್ಸ್‌ನಲ್ಲಿ ಟೈಮ್‌ಲೈನ್ ಫ್ರೇಮ್ ರೇಟ್ 25 ಇದೆಯಾ ನೋಡಿ. ಮೊದಲ ಕ್ಲಿಪ್ ಒಳಗೆ ಬಿದ್ದ ಮೇಲೆ ಪ್ರಾಜೆಕ್ಟ್‌ನ ಫ್ರೇಮ್ ರೇಟ್ ಬದಲಾಯಿಸಲು ಅದು ಬಿಡುವುದಿಲ್ಲ. ಈ ಒಂದು ಮರೆವಿಗೆ ಎಷ್ಟು ಜನ ಮತ್ತೆ ಮೊದಲಿನಿಂದ ಶುರು ಮಾಡಿದ್ದಾರೋ. ಅವರಲ್ಲಿ ನಾನೂ ಒಬ್ಬ.

ಆಮೇಲೆ ಫೈಲ್ ಮೆನುವಿನಲ್ಲಿ ಇಂಪೋರ್ಟ್ ಟೈಮ್‌ಲೈನ್. ಒಂದು ಕಿಟಕಿ ತೆರೆಯುತ್ತದೆ. 'ಯೂಸ್ ಸೈಜಿಂಗ್ ಇನ್ಫರ್ಮೇಷನ್' ಟಿಕ್ ಇರಲಿ, ಇಲ್ಲದಿದ್ದರೆ ನಿಮ್ಮ ಜೂಮ್ ಎಲ್ಲ ಹೋಗುತ್ತದೆ. ಕ್ಲಿಪ್ ಸಿಗದಿದ್ದರೆ ಫೋಲ್ಡರ್ ತೋರಿಸಲು ಕೇಳುತ್ತದೆ, ತೋರಿಸಿ.

ಫ್ರೀ ರಿಸಾಲ್ವ್ ಬಳಸುವವರಿಗೆ ಒಂದು ಮಾತು. ಕೆಲವು ಕ್ಯಾಮೆರಾಗಳ 10 ಬಿಟ್ ಎಚ್.265 ಫೈಲ್‌ಗಳು ವಿಂಡೋಸ್‌ನ ಫ್ರೀ ಆವೃತ್ತಿಯಲ್ಲಿ ತೆರೆಯುವುದಿಲ್ಲ, ಸೌಂಡ್ ಮಾತ್ರ ಬರುತ್ತದೆ. ಅದು ಎಕ್ಸ್‌ಎಂಎಲ್ ತಪ್ಪಲ್ಲ. ಅಂಥ ಕ್ಲಿಪ್‌ಗಳನ್ನು ಎಡಿಟ್ ಶುರು ಮಾಡುವ ಮೊದಲೇ ಡಿಎನ್‌ಎಕ್ಸ್‌ಎಚ್‌ಆರ್‌ಗೆ ಬದಲಿಸಿಕೊಳ್ಳಿ.

ಎಡಿಯಸ್‌ನಾಗೆ ಹತ್ತು ವರ್ಷದ ಕೆಲಸ ಐತಿ. ಅದನ್ನೆಲ್ಲ ತರಬೇಕಲ್ಲ?

ಯಾಕೆ ತರಬೇಕು? ಮುಗಿದ ಮದುವೆಗಳನ್ನು ಮುಟ್ಟಬೇಡಿ. ಹಳೆಯ ಸಿಸ್ಟಂ ಒಂದು ಮೂಲೆಯಲ್ಲಿ ಎಡಿಯಸ್ ಸಮೇತ ಇರಲಿ, ಯಾರಾದರೂ ಕೇಳಿದರೆ ಅಲ್ಲೇ ತೆರೆದು ಕೊಡಿ. ಅರ್ಧದಲ್ಲಿರುವುದನ್ನು ಮಾತ್ರ ಸಾಗಿಸಿ.

ಎಡಿಯಸ್‌ನಿಂದ ಎಎಎಫ್ ಮತ್ತು ಇಡಿಎಲ್ ಎರಡೂ ತೆಗೆಯಬಹುದು. ನಾನು ಮೊದಲು ಎಎಎಫ್ ನೋಡುತ್ತೇನೆ. ಅದು ಹೊಸ ಕಡೆ ತೊಂದರೆ ಕೊಟ್ಟರೆ ಮುಖ್ಯ ಕಟಿಂಗ್ ಒಂದೇ ಟ್ರ್ಯಾಕ್‌ಗೆ ಇಳಿಸಿ ಇಡಿಎಲ್ ತೆಗೆದು, ಮೇಲಿನ ಟ್ರ್ಯಾಕ್‌ನ ನಾಲ್ಕಾರು ಕ್ಲಿಪ್ ಕೈಯಿಂದ ಜೋಡಿಸುತ್ತೇನೆ.

ಇನ್ನೊಂದು ವಿಷಯ. ಹಳೆಯ ಸಿಸ್ಟಂ ಎಳೆಯುವುದಿಲ್ಲ ಅಂತ ನಾವೆಲ್ಲ ಫುಟೇಜನ್ನು ಎಡಿಯಸ್‌ನದೇ ಎಚ್‌ಕ್ಯೂಎಕ್ಸ್ ಎವಿಐ ಮಾಡಿಕೊಳ್ಳುತ್ತಿದ್ದೆವಲ್ಲ, ಆ ಕೋಡೆಕ್ (ವಿಡಿಯೋ ಒತ್ತಿ ಬಿಚ್ಚುವ ಸಾಫ್ಟ್‌ವೇರ್) ಇಲ್ಲದ ಸಿಸ್ಟಂನಲ್ಲಿ ಅವು ತೆರೆಯದೇ ಇರಬಹುದು. ಸಾಗಿಸುವ ಮೊದಲು ಒಂದೇ ಒಂದು ಕ್ಲಿಪ್ ಪೆನ್‌ಡ್ರೈವ್‌ನಲ್ಲಿ ಒಯ್ದು ನೋಡಿ.

ಫೈನಲ್ ಕಟ್‌ನಿಂದ ಎಕ್ಸ್‌ಎಂಎಲ್ ತಂದೆ, ಪ್ರೀಮಿಯರ್ ತಗೊಳ್ತಾನೇ ಇಲ್ಲ

ಮೇಲೆ ಹೇಳಿದ ಅಣ್ಣತಮ್ಮಂದಿರ ಕಥೆ ಇದು. ಮ್ಯಾಕ್‌ನಲ್ಲಿ ಎಕ್ಸ್‌ಟುಸಿಸಿ ಎಂಬ ಸಣ್ಣ ಆ್ಯಪ್ ಹೊಸದನ್ನು ಹಳೆಯದಕ್ಕೆ ಬದಲಿಸುತ್ತದೆ, ದುಡ್ಡು ಕೊಡಬೇಕು. ದುಡ್ಡು ಕೊಡದ ದಾರಿ ರಿಸಾಲ್ವ್. ಅದರಲ್ಲಿ ಎಫ್‌ಸಿಪಿ ಎಕ್ಸ್‌ಎಂಎಲ್ ತೆರೆದು ಅಲ್ಲಿಂದ ಎಫ್‌ಸಿಪಿ 7 ಎಕ್ಸ್‌ಎಂಎಲ್ ಹೊರಗೆ ತೆಗೆಯಿರಿ. ದುಭಾಷಿಯನ್ನು ಮಧ್ಯೆ ಕೂರಿಸಿದ ಹಾಗೆ. ನಾನು ರಿಸಾಲ್ವ್ ಇನ್‌ಸ್ಟಾಲ್ ಮಾಡಿದ್ದೇ ಮೊದಲು ಈ ಕೆಲಸಕ್ಕೆ.

ರಿಸಾಲ್ವ್ ಹಳೆಯದಾಗಿದ್ದರೆ ಹೊಸ ಫೈನಲ್ ಕಟ್‌ನ ಎಕ್ಸ್‌ಎಂಎಲ್ ತೆರೆಯುವುದಿಲ್ಲ. ಫೈನಲ್ ಕಟ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗಲೇ ಹಿಂದಿನ ಆವೃತ್ತಿ ಆರಿಸುವ ಜಾಗ ಇದೆ.

ನಂದೂ ಪ್ರೀಮಿಯರ್ರೇ, ನಿಂದೂ ಪ್ರೀಮಿಯರ್ರೇ. ಆದ್ರೂ ಓಪನ್ ಆಗ್ತಿಲ್ಲ!

ನಿಮ್ಮದು ಹಳೆಯದು, ಅವರದ್ದು ಹೊಸದು. ಹೊಸದು ಹಳೆಯದನ್ನು ಓದುತ್ತದೆ, ಹಳೆಯದು ಹೊಸದನ್ನು ಓದುವುದಿಲ್ಲ. ಪ್ರೀಮಿಯರ್, ಫೈನಲ್ ಕಟ್, ರಿಸಾಲ್ವ್ ಎಲ್ಲಕ್ಕೂ ಇದೇ ಕಾನೂನು. ಅವರ ಕಡೆಯಿಂದ ಎಕ್ಸ್‌ಎಂಎಲ್ ತರಿಸಿಕೊಳ್ಳಿ. ಪ್ರೀಮಿಯರ್ ಪ್ರಾಜೆಕ್ಟ್ ಅಂದರೆ ಜಿಪ್ ಮಾಡಿಟ್ಟ ಟೆಕ್ಸ್ಟ್ ಫೈಲ್, ಒಳಗಿನ ಆವೃತ್ತಿ ಸಂಖ್ಯೆ ತಿದ್ದಿ ತೆರೆಯುವ ಕಳ್ಳದಾರಿಯೂ ಇದೆ. ತುರ್ತಿಗೆ ಮಾಡಿದ್ದೇನೆ, ಕೆಲಸವೂ ಆಗಿದೆ. ಅಭ್ಯಾಸ ಮಾಡಿಕೊಳ್ಳಬೇಡಿ. ಸೀಸನ್ ನಡುವೆ ಅಪ್‌ಡೇಟ್ ಒತ್ತಬೇಡಿ, ಅದು ಇನ್ನೂ ಒಳ್ಳೆಯ ಅಭ್ಯಾಸ.

ರಿಸಾಲ್ವ್‌ನಾಗೆ ಪ್ರಾಜೆಕ್ಟ್ ಫೈಲೇ ಕಾಣ್ತಿಲ್ಲ, ಎಲ್ಲಿ ಇಟ್ಟಿರ್ತೈತಿ?

ಫೋಲ್ಡರ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ರಿಸಾಲ್ವ್ ಎಲ್ಲವನ್ನೂ ಪ್ರಾಜೆಕ್ಟ್ ಲೈಬ್ರರಿ ಎಂಬ ತನ್ನದೇ ಪೆಟ್ಟಿಗೆಯಲ್ಲಿ ಇಡುತ್ತದೆ. ನೀವು ಬದಲಿಸದಿದ್ದರೆ ಆ ಪೆಟ್ಟಿಗೆ ಸಿ ಡ್ರೈವ್‌ನಲ್ಲಿದೆ. ಫುಟೇಜ್ ಎಲ್ಲ ಡಿ ಡ್ರೈವ್‌ನಲ್ಲಿದೆ ಅನ್ನುವ ಧೈರ್ಯದಲ್ಲಿ ವಿಂಡೋಸ್ ಫಾರ್ಮ್ಯಾಟ್ ಮಾಡಿದರೆ ಫುಟೇಜ್ ಉಳಿಯುತ್ತದೆ, ಎಡಿಟ್ ಹೋಗುತ್ತದೆ. ಪ್ರಾಜೆಕ್ಟ್ ಮ್ಯಾನೇಜರ್ ತೆರೆದು, ಬೇಕಾದ ಪ್ರಾಜೆಕ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಒತ್ತಿದರೆ ಡಿಆರ್‌ಪಿ ಫೈಲ್ ಸಿಗುತ್ತದೆ. ವಾರಕ್ಕೊಮ್ಮೆಯಾದರೂ ತೆಗೆದಿಡಿ.

## ಎಡವಟ್ಟಾದಾಗ

ಕ್ಲಿಪ್ ಎಲ್ಲಾ ಲಿಂಕ್ ಆಗೈತೆ, ಆದ್ರೆ ಬೇರೆ ಬೇರೆ ಶಾಟ್ ತೋರಿಸ್ತೈತಲ್ಲಾ?

ಫೈಲ್ ಸಿಗದೆ ಆಫ್‌ಲೈನ್ ಅಂತ ಕೆಂಪಗೆ ತೋರಿಸಿದರೆ ಪರವಾಗಿಲ್ಲ, ಕಣ್ಣಿಗೆ ಬೀಳುತ್ತದೆ. ಇದು ಅದಕ್ಕಿಂತ ಕೆಟ್ಟದ್ದು. ನನಗೇ ಆಗಿದ್ದನ್ನು ಹೇಳುತ್ತೇನೆ.

ಚಿತ್ರದುರ್ಗದ ಒಂದು ಮದುವೆ. ಎರಡು ಸೋನಿ ಕ್ಯಾಮೆರಾ, ನಾಲ್ಕು ಕಾರ್ಡ್. ಹೊಸದಾಗಿ ಫಾರ್ಮ್ಯಾಟ್ ಮಾಡಿದ್ದ ಕಾರ್ಡ್‌ಗಳು, ಪ್ರತಿ ಕಾರ್ಡ್‌ನಲ್ಲೂ ಮೊದಲ ಕ್ಲಿಪ್‌ನ ಹೆಸರು ಸಿ0001, ಎರಡನೆಯದು ಸಿ0002. ಅಂದರೆ ಒಂದೇ ಹೆಸರಿನ ನಾಲ್ಕು ಕ್ಲಿಪ್, ನಾಲ್ಕು ಫೋಲ್ಡರ್‌ನಲ್ಲಿ. ಪ್ರೀಮಿಯರ್‌ನಲ್ಲಿ ಎಡಿಟ್ ಮಾಡುವಾಗ ಏನೂ ತೊಂದರೆ ಇರಲಿಲ್ಲ, ಅದಕ್ಕೆ ಫೋಲ್ಡರ್ ದಾರಿ ಗೊತ್ತಿತ್ತು. ಕಲರ್‌ಗೆ ಅಂತ ಬೇರೆ ಸಿಸ್ಟಂಗೆ ಒಯ್ದಾಗ ಡ್ರೈವ್ ಅಕ್ಷರ ಡಿ ಇದ್ದದ್ದು ಎಫ್ ಆಯಿತು, ದಾರಿ ತಪ್ಪಿತು. ಫೋಲ್ಡರ್ ಕೇಳಿತು, ತೋರಿಸಿದೆ. ಅದು ಹೆಸರು ನೋಡಿತು, ಕೈಗೆ ಸಿಕ್ಕ ಮೊದಲ ಸಿ0014 ಹಿಡಿದು ಕೂತಿತು. ಉದ್ದ ಸಾಕಷ್ಟಿತ್ತು, ಟೈಮ್‌ಕೋಡ್ ಎಲ್ಲ ಸೊನ್ನೆಯಿಂದ ಶುರು. ಅದಕ್ಕೆ ಅನುಮಾನ ಬರಲು ಕಾರಣವೇ ಇಲ್ಲ. ನಾನೂ ಆತುರದಲ್ಲಿದ್ದೆ, ರೆಫರೆನ್ಸ್ ಜೊತೆ ಹೋಲಿಸಲಿಲ್ಲ, ರೆಂಡರ್ ಕೊಟ್ಟು ಕಳಿಸಿದೆ. ಎರಡು ದಿನದ ಮೇಲೆ ಹುಡುಗಿಯ ದೊಡ್ಡಪ್ಪ ಫೋನ್ ಮಾಡಿದರು: "ಅಲ್ಲಪ್ಪಾ, ಅಕ್ಕಿಕಾಳು ಬೀಳೋ ಹೊತ್ತಿಗೆ ಸಾರಿನ ಬಕೆಟ್ ಯಾಕೆ ಬಂತು?"

ಅಂದಿನಿಂದ ಕಾರ್ಡ್ ಕಾಪಿ ಆದ ಕೂಡಲೇ, ಯಾವ ಸಾಫ್ಟ್‌ವೇರ್ ತೆರೆಯುವ ಮೊದಲು, ಪ್ರತಿ ಫೈಲ್‌ನ ಹೆಸರಿನ ಮುಂದೆ ಕ್ಯಾಮೆರಾ ಮತ್ತು ಕಾರ್ಡ್‌ನ ಗುರುತು ಸೇರಿಸುತ್ತೇನೆ. ಎ1, ಎ2, ಬಿ1 ಹೀಗೆ. ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಅಂಕಿ ಮಾತ್ರ. ಕನ್ನಡ ನಮ್ಮದೇ, ಆದರೆ ಇಡಿಎಲ್‌ಗೆ ಕನ್ನಡ ಬಾರದು. ಎಡಿಟ್ ಶುರುವಾದ ಮೇಲೆ ಹೆಸರು ಬದಲಿಸಿದರೆ ಮತ್ತೆ ಎಲ್ಲ ಆಫ್‌ಲೈನ್, ಅದಕ್ಕೇ ಮೊದಲೇ ಮಾಡಬೇಕು. ವಿಂಡೋಸ್‌ನಿಂದ ವಿಂಡೋಸ್‌ಗೆ ಒಯ್ಯುವಾಗ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಡ್ರೈವ್ ಅಕ್ಷರವನ್ನೂ ಮೊದಲಿನದ್ದೇ ಮಾಡಿಬಿಡಿ, ದಾರಿ ತಪ್ಪುವುದೇ ಇಲ್ಲ.

ಶುರುವಿನಾಗೆ ಲಿಪ್ ಸಿಂಕ್ ಸರಿ ಇರ್ತೈತೆ, ಹೋಗ್ತಾ ಹೋಗ್ತಾ ಜಾರ್ತೈತೆ

ಮೊಬೈಲ್‌ನಲ್ಲಿ ತೆಗೆದ ಕ್ಲಿಪ್ ಸೇರಿದೆಯಾ? ಮೊಬೈಲ್‌ಗಳು ಬೆಳಕು ನೋಡಿಕೊಂಡು ಫ್ರೇಮ್ ರೇಟ್ ಏರಿಸಿ ಇಳಿಸುತ್ತವೆ. ಒಂದೊಂದು ಸಾಫ್ಟ್‌ವೇರ್ ಅದನ್ನು ಒಂದೊಂದು ರೀತಿ ಲೆಕ್ಕ ಹಾಕುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಫ್ರೀ ಸಾಫ್ಟ್‌ವೇರ್‌ನಲ್ಲಿ ಕಾನ್ಸ್ಟಂಟ್ ಫ್ರೇಮ್‌ರೇಟ್ ಆರಿಸಿ ಬದಲಿಸಿಕೊಂಡೇ ಎಡಿಟ್‌ಗೆ ಹಾಕಿ.

ಮೊಬೈಲ್ ಇಲ್ಲದಿದ್ದರೆ 30 ಮತ್ತು 29.97ರ ಗೊಂದಲ ಇರಬಹುದು. ಸಣ್ಣ ವ್ಯತ್ಯಾಸ ಅನಿಸುತ್ತದೆ, ಒಂದು ತಾಸಿಗೆ 3.6 ಸೆಕೆಂಡ್ ಆಗುತ್ತದೆ. ಸ್ವಾಮಿಗಳ ಆಶೀರ್ವಚನದಲ್ಲಿ ಮೂರು ಸೆಕೆಂಡ್ ಜಾರಿದರೆ ಯಾರಿಗಾದರೂ ಗೊತ್ತಾಗುತ್ತದೆ. ನಮ್ಮ ಸುತ್ತ ಎಲ್ಲ ಕ್ಯಾಮೆರಾವನ್ನೂ 25ಕ್ಕೇ ಇಡಿ ಅಂತ ಶೂಟ್‌ಗೆ ಹೋಗುವ ಹುಡುಗರಿಗೆ ಹೇಳಿ ಕಳಿಸುವುದು ಎಲ್ಲಕ್ಕಿಂತ ಸುಲಭ.

4ಕೆ ಕ್ಲಿಪ್ ಎಲ್ಲಾ ಜಾಸ್ತಿ ಜೂಮ್ ಆಗಿ ಬಂದೈತೆ

ಎಚ್‌ಡಿ ಟೈಮ್‌ಲೈನ್‌ನಲ್ಲಿ 4ಕೆ ಕ್ಲಿಪ್ ಹಾಕಿ ಪ್ರೀಮಿಯರ್‌ನಲ್ಲಿ 'ಸ್ಕೇಲ್ ಟು ಫ್ರೇಮ್ ಸೈಜ್' ಒತ್ತಿದ್ದೀರಿ. ಅದು ಸ್ಕೇಲ್ 100 ಅಂತಲೇ ತೋರಿಸುತ್ತದೆ, ಚೀಟಿಯಲ್ಲೂ 100 ಅಂತಲೇ ಹೋಗುತ್ತದೆ. ಅದರ ಬದಲು 'ಸೆಟ್ ಟು ಫ್ರೇಮ್ ಸೈಜ್' ಒತ್ತಿ. ಆಗ ಸ್ಕೇಲ್ 50 ಅಂತ ನಿಜವಾದ ಅಂಕಿ ಬರುತ್ತದೆ. ಹೆಸರು ಎರಡೂ ಒಂದೇ ಥರ ಇವೆ, ಯಾರು ಇಟ್ಟರೋ.

ಸ್ಲೋ ಮೋಷನ್ ಎಲ್ಲಾ ಎಡವಟ್ಟಾಗೈತೆ

50% ಅಂತ ಒಂದೇ ವೇಗ ಕೊಟ್ಟದ್ದು ಬರುತ್ತದೆ. ನಿಧಾನದಿಂದ ವೇಗಕ್ಕೆ ಏರುವ ಸ್ಪೀಡ್ ರ‍್ಯಾಂಪ್‌ಗಳನ್ನು ನಂಬಬೇಡಿ. ಅಂಥ ಶಾಟ್‌ಗಳನ್ನು ಹಳೆಯ ಸಾಫ್ಟ್‌ವೇರ್‌ನಲ್ಲೇ ರೆಂಡರ್ ಮಾಡಿ, ಆ ಫೈಲನ್ನು ಕ್ಲಿಪ್‌ನ ಜಾಗಕ್ಕೆ ಇಟ್ಟು ಕಳಿಸಿ. ಪ್ರೀಮಿಯರ್‌ನಲ್ಲಿ ರೆಂಡರ್ ಅಂಡ್ ರಿಪ್ಲೇಸ್ ಇದೆ.

ಕನ್ನಡ ಟೈಟಲ್ ಹೋಗಿ ಇಂಗ್ಲಿಷ್ ಅಕ್ಷರ, ಚಿಹ್ನೆ ಏನೇನೋ ಬಂದೈತೆ

ನುಡಿ ಅಥವಾ ಬರಹದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದು. ಆ ಫಾಂಟ್‌ಗಳಲ್ಲಿ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಜಾಗವೇ, ಮೇಲೆ ಕನ್ನಡದ ಚಿತ್ರ ಕೂರಿಸಿರುತ್ತಾರೆ. ಫಾಂಟ್ ಇಲ್ಲದ ಸಿಸ್ಟಂನಲ್ಲಿ ಒಳಗಿನದ್ದು ಹೊರಗೆ ಬೀಳುತ್ತದೆ. ಅದೇ ಫಾಂಟ್ ಹಾಕಿದರೆ ಸರಿಹೋಗುತ್ತದೆ.

ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಒತ್ತಕ್ಷರ ಬಿಡಿಬಿಡಿಯಾಗಿ ಬಂದರೆ ಅದು ಬೇರೆ ರೋಗ. ಪ್ರೀಮಿಯರ್‌ನಲ್ಲಿ ಪ್ರಿಫರೆನ್ಸಸ್, ಗ್ರಾಫಿಕ್ಸ್ ಒಳಗೆ ಟೆಕ್ಸ್ಟ್ ಎಂಜಿನ್ ಅನ್ನು ಸೌತ್ ಏಷ್ಯನ್ ಅಂಡ್ ಮಿಡಲ್ ಈಸ್ಟರ್ನ್‌ಗೆ ಬದಲಿಸಿ, ಆಮೇಲೆ ಹೊಸದಾಗಿ ಟೈಟಲ್ ಮಾಡಿ.

ನನ್ನ ಮಟ್ಟಿಗೆ ಟೈಟಲ್‌ಗಳನ್ನು ಟೈಟಲ್ ಆಗಿ ಸಾಗಿಸುವುದೇ ಇಲ್ಲ. ಹಿನ್ನೆಲೆ ಇಲ್ಲದ ಪಿಎನ್‌ಜಿ ತೆಗೆಯುತ್ತೇನೆ, ಓಡಾಡುವ ಟೈಟಲ್ ಇದ್ದರೆ ಪ್ರೋರೆಸ್ 4444 ಆಲ್ಫಾ (ಪಾರದರ್ಶಕ ಹಿನ್ನೆಲೆ) ಸಮೇತ. ಹೆಸರುಗಳನ್ನು ಒಂದು ಟೆಕ್ಸ್ಟ್ ಫೈಲ್‌ನಲ್ಲೂ ಬರೆದಿಡುತ್ತೇನೆ, ಬೇಕೆಂದಾಗ ಮತ್ತೆ ಮಾಡಲು.

## ಸ್ವಲ್ಪ ಪಳಗಿದವರಿಗೆ

ರಿಸಾಲ್ವ್‌ನಾಗೆ ಕಲರ್ ಮಾಡಿ ವಾಪಸ್ ಪ್ರೀಮಿಯರ್‌ಗೆ ತರೋದು ಹೆಂಗೆ?

ವಾಪಸ್ ತರಬೇಕಾ ಅಂತ ಮೊದಲು ಕೇಳಿಕೊಳ್ಳಿ. ಟೈಟಲ್, ಸೌಂಡ್ ಅಲ್ಲೇ ಮುಗಿಯುವುದಾದರೆ ಅಲ್ಲೇ ಮುಗಿಸಿ.

ತರಲೇಬೇಕಾದರೆ ಡೆಲಿವರ್ ಪುಟದಲ್ಲಿ ಪ್ರೀಮಿಯರ್ ಎಕ್ಸ್‌ಎಂಎಲ್ ಪ್ರೀಸೆಟ್ ಇದೆ. ಅದು ಪ್ರತಿ ಶಾಟನ್ನೂ ಬೇರೆ ಬೇರೆ ಫೈಲ್ ಮಾಡಿ, ಜೊತೆಗೆ ಒಂದು ಎಕ್ಸ್‌ಎಂಎಲ್ ಬರೆಯುತ್ತದೆ. ಹ್ಯಾಂಡಲ್ (ಶಾಟ್‌ನ ಆಚೆ ಈಚೆ ಹೆಚ್ಚಿಗೆ ಬಿಡುವ ಭಾಗ) ಒಂದು ಸೆಕೆಂಡ್ ಇಡಿ, ಇಲ್ಲದಿದ್ದರೆ ಡಿಸಾಲ್ವ್‌ಗೆ ಫ್ರೇಮ್ ಸಿಗುವುದಿಲ್ಲ. ವಾಪಸ್ ಬಂದ ಮೇಲೆ ಮೊದಲೇ ಹಾಕಿದ್ದ ಲುಮೆಟ್ರಿ ತೆಗೆದಿದ್ದೀರಾ ನೋಡಿ. ಬಣ್ಣದ ಮೇಲೆ ಬಣ್ಣ ಬಿದ್ದು ಮದುಮಗಳು ಅರಿಶಿನ ಶಾಸ್ತ್ರದಿಂದ ಎದ್ದು ಬಂದ ಹಾಗೆ ಕಾಣುತ್ತಾಳೆ.

ಡಿಸ್ಕ್ ಜಾಗ ಲೆಕ್ಕ ಹಾಕಿ. ಎಚ್‌ಡಿ, 25 ಫ್ರೇಮ್‌ನಲ್ಲಿ ಪ್ರೋರೆಸ್ 422 ಸೆಕೆಂಡಿಗೆ 122 ಮೆಗಾಬಿಟ್, ಅಂದರೆ ತಾಸಿಗೆ ಸುಮಾರು 55 ಜಿಬಿ. ಎಚ್‌ಕ್ಯೂ ಆದರೆ ಅದರ ಒಂದೂವರೆ ಪಟ್ಟು. 4ಕೆ ಆದರೆ ನಾಲ್ಕು ಪಟ್ಟು. ಪೂರ್ತಿ ಮದುವೆಗೆ ಈ ದಾರಿ ಬೇಡ, ಹೈಲೈಟ್ಸ್ ಹಾಡಿಗೆ ಸಾಕು.

ಶಾರ್ಟ್ ಫಿಲಂ ಸೌಂಡ್ ಬೇರೆ ಸ್ಟುಡಿಯೋಗೆ ಕೊಡ್ಬೇಕು, ಪ್ರೋಟೂಲ್ಸ್ ಅಂತ ಸೌಂಡ್ ಸಾಫ್ಟ್‌ವೇರ್ ಅಂತೆ. ಏನು ಕೊಡಲಿ?

ಎಎಎಫ್. ಪ್ರೀಮಿಯರ್‌ನಲ್ಲಿ ಎಎಎಫ್ ತೆಗೆಯುವಾಗ ಎಂಬೆಡ್ ಆಡಿಯೋ, ಬ್ರೇಕೌಟ್ ಟು ಮೋನೋ, ಹ್ಯಾಂಡಲ್ 50 ಫ್ರೇಮ್, 48 ಕಿಲೋಹರ್ಟ್ಜ್. ಜೊತೆಗೆ ಟೈಮ್‌ಕೋಡ್ ಕಾಣುವ ವಿಡಿಯೋ. ಶುರುವಿನ ಎರಡು ಸೆಕೆಂಡ್ ಮೊದಲು ಒಂದು ಫ್ರೇಮ್ ಬೀಪ್ ಹಾಕಿ, ವಿಡಿಯೋದಲ್ಲೂ ಅದೇ ಫ್ರೇಮ್‌ನಲ್ಲಿ ಒಂದು ಬಿಳಿ ಮಿಂಚು. ಅವರು ವಾಪಸ್ ಕೊಟ್ಟ ಮಿಕ್ಸ್ ಕೂರಿಸುವಾಗ ಬೀಪ್ ಮತ್ತು ಮಿಂಚು ಸೇರಿದರೆ ಮುಗಿಯಿತು. ಕೆಲವರು ಒಎಂಎಫ್ ಕೇಳುತ್ತಾರೆ. ಅದು ಹಳೆಯದು, 2 ಜಿಬಿ ದಾಟಿದರೆ ಕೈಚೆಲ್ಲುತ್ತದೆ.

ಪ್ರಾಜೆಕ್ಟ್ ಹೋಗಿಬಿಟ್ಟೈತೆ, ರೆಂಡರ್ ಮಾಡಿದ ವಿಡಿಯೋ ಮಾತ್ರ ಐತೆ. ಏನಾದ್ರೂ ದಾರಿ ಐತಾ?

ಅರ್ಧ ದಾರಿ ಇದೆ. ರಿಸಾಲ್ವ್‌ನ ಸೀನ್ ಕಟ್ ಡಿಟೆಕ್ಷನ್, ಪ್ರೀಮಿಯರ್‌ನ ಸೀನ್ ಎಡಿಟ್ ಡಿಟೆಕ್ಷನ್ ಎರಡೂ ವಿಡಿಯೋ ನೋಡಿ ಕಟ್ ಎಲ್ಲೆಲ್ಲಿದೆ ಅಂತ ಹುಡುಕಿ ತುಂಡು ಮಾಡಿಕೊಡುತ್ತವೆ. ಫೋಟೋಗ್ರಾಫರ್ ಫ್ಲ್ಯಾಶ್ ಹೊಡೆದಲ್ಲೆಲ್ಲ ಕಟ್ ಅಂದುಕೊಳ್ಳುತ್ತವೆ, ಡಿಸಾಲ್ವ್‌ನಲ್ಲಿ ತಡಬಡಾಯಿಸುತ್ತವೆ. ಕೈಯಿಂದ ಸರಿಮಾಡಬೇಕು. ಬಣ್ಣ ತಿದ್ದಲು, ಒಂದೆರಡು ಶಾಟ್ ತೆಗೆಯಲು ಇದು ಸಾಕು. ಟೈಟಲ್ ಅಂಟಿಕೊಂಡಿದ್ದರೆ ಅಂಟಿಕೊಂಡೇ ಇರುತ್ತದೆ.

ಒಟಿಐಒ ಅಂತ ಹೊಸದು ಬಂದೈತಂತೆ, ಅದರಿಂದ ಎಲ್ಲಾ ಸರಿಹೋಗ್ತೈತಾ?

ಓಪನ್ ಟೈಮ್‌ಲೈನ್ ಐಒ ಅಂತ ಪೂರ್ತಿ ಹೆಸರು. ಪಿಕ್ಸಾರ್‌ನವರು ಶುರು ಮಾಡಿದ್ದು, ಈಗ ಎಲ್ಲರಿಗೂ ಮುಕ್ತ. ರಿಸಾಲ್ವ್‌ನಲ್ಲಿ 18.5ರಿಂದ ಇದೆ. ಎರಡೂ ಕಡೆ ಆ ಆಯ್ಕೆ ಕಂಡರೆ ಎಕ್ಸ್‌ಎಂಎಲ್ ಜೊತೆ ಅದನ್ನೂ ತೆಗೆದು ನೋಡಿ, ಯಾವುದು ಚೆನ್ನಾಗಿ ಬಂತೋ ಅದನ್ನು ಇಟ್ಟುಕೊಳ್ಳಿ. ಪ್ಲಗಿನ್, ಕಲರ್ ಅದರಲ್ಲೂ ಪೂರ್ತಿ ಬರುವುದಿಲ್ಲ.

ಕಸ್ಟಮರ್ರು ಪ್ರಾಜೆಕ್ಟ್ ಫೈಲ್ ಕೊಡ್ರಿ ಅಂತಾರೆ. ಕೊಡಬೇಕಾ?

ಅಡ್ವಾನ್ಸ್ ತಗೊಳ್ಳುವ ದಿನವೇ ಮಾತಾಡಿಕೊಳ್ಳಿ, ಆಮೇಲೆ ಮುಖ ಕೆಡಿಸಿಕೊಳ್ಳಬೇಡಿ. ನಾನು ಫೈನಲ್ ವಿಡಿಯೋ ಮತ್ತು ಕೇಳಿದರೆ ಫುಟೇಜ್ ಕೊಡುತ್ತೇನೆ. ಪ್ರಾಜೆಕ್ಟ್ ಬೇಕೆಂದರೆ ಬೇರೆ ರೇಟು, ಯಾಕಂದ್ರೆ ಮೇಲೆ ಹೇಳಿದ ಗಂಟುಮೂಟೆ ಕಟ್ಟುವ ಕೆಲಸಕ್ಕೆ ಒಂದು ದಿನ ಹೋಗುತ್ತದೆ. ದುಡ್ಡು ಕೊಟ್ಟು ತಗೊಂಡ ಟೆಂಪ್ಲೇಟ್, ಪ್ಲಗಿನ್ ನನ್ನ ಹೆಸರಿನಲ್ಲಿವೆ, ಅವನ್ನು ಕೊಡುವುದಿಲ್ಲ. ಯಾವ ಸಾಫ್ಟ್‌ವೇರ್, ಯಾವ ಆವೃತ್ತಿ, ಯಾವ ಫಾಂಟ್, ಯಾವ ಪ್ಲಗಿನ್ ಅಂತ ಒಂದು ಚೀಟಿ ಬರೆದು ಹಾರ್ಡ್ ಡಿಸ್ಕ್ ಕವರ್‌ನೊಳಗೆ ಇಡುತ್ತೇನೆ. ಆ ಡಿಸ್ಕ್ ತೆರೆಯುವವರು ಹೆಚ್ಚಾಗಿ ನನಗೇ ಫೋನ್ ಮಾಡುತ್ತಾರೆ, ಚೀಟಿ ಇದ್ದರೆ ಮಾತು ಎರಡು ನಿಮಿಷಕ್ಕೆ ಮುಗಿಯುತ್ತದೆ.